ಕಂಬ ಅಳಿಸಿದ್ದಕ್ಕೂ ಫೀಸಾ?

ನನ್ನ ಬಾಯಿ ಕೆಟ್ಟದ್ದು. ಇದನ್ನು ಇನ್ನೊಬ್ಬರು ಬಂದು ನನಗೆ ಹೇಳಬೇಕಾಗಿಲ್ಲ. ನನ್ನ ತಮ್ಮ ಇಂಜಿನಿಯರು, ಮನೆ ಕಟ್ಟುವವರಿಗೆ ನಕ್ಷೆ ಬಿಡಿಸಿ, ಕಾಂಕ್ರೀಟಿನೊಳಗೆ ಎಲ್ಲೆಲ್ಲಿ ಎಷ್ಟು ಕಬ್ಬಿಣದ ಕಂಬಿ ಹಾಕಬೇಕೆಂದು ಲೆಕ್ಕ ಹಾಕಿಕೊಡುತ್ತಾನೆ. ಅವನಿಗೆ ಬಾಯಿಯೇ ಇಲ್ಲ. ಇಬ್ಬರಿಗೆ ಹಂಚಬೇಕಾದ್ದನ್ನು ದೇವರು ಒಬ್ಬಳಿಗೇ ಸುರಿದುಬಿಟ್ಟ ಅಂತ ನಮ್ಮಮ್ಮ ಹೇಳುತ್ತಿದ್ದಳು. ಹಾಗಾಗಿ ನಮ್ಮ ಆಫೀಸಿನಲ್ಲಿ ಗೆರೆ ಎಳೆಯುವುದು ಅವನ ಕೆಲಸ, ಫೀಸು ವಸೂಲಿ ನನ್ನ ಕೆಲಸ. ಆಫೀಸೆಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಅವನೂ ಅವನ ಪ್ರಿಂಟರೂ, ಇನ್ನೊಂದರಲ್ಲಿ ನಾನು ಮತ್ತು ನನ್ನ ಫೋನು.

ವಸೂಲಿಗೆ ನಾನೊಂದು ದಾರಿ ಕಂಡುಕೊಂಡಿದ್ದೆ. ಬಾಕಿ ಪೂರ್ತಿ ಕೈಗೆ ಬರುವವರೆಗೆ ನಕ್ಷೆಯ ಒಂದು ಹಾಳೆಯನ್ನು ಕೊಡದೆ ಬೀರುವಿನಲ್ಲಿ ಇಟ್ಟುಕೊಳ್ಳುವುದು. ಯಾವುದೋ ಹಾಳೆಯಲ್ಲ, ಅದಿಲ್ಲದೆ ಕೆಲಸ ಒಂದು ಹೆಜ್ಜೆ ಮುಂದೆ ಹೋಗಬಾರದು, ಅಂಥ ಹಾಳೆ. ಈ ಕಸುಬಿನಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಆಗುವ ಕಾಲದಲ್ಲಿ ಮತ್ತೇನು ಮಾಡುವುದು?

ಆಮೇಲಪ್ಪನ ಹಾಳೆಯನ್ನೂ ಹಾಗೇ ಇಟ್ಟುಕೊಂಡೆ. ಆಮೇಲಪ್ಪ ಅಂದರೆ ದೊಡ್ಡ ಜವಳಿ ಅಂಗಡಿಯ ಯಜಮಾನ. ಫೀಸು ಕೇಳಿದಾಗಲೆಲ್ಲ "ಆಮೇಲೆ ನೋಡೋಣ" ಅನ್ನುತ್ತಿದ್ದನಾದ್ದರಿಂದ ನಾನೇ ಇಟ್ಟ ಹೆಸರು. ಅವನು ಕಟ್ಟಿಸುತ್ತಿದ್ದ ಮನೆಗೆ ಮೊದಲ ಮಹಡಿಯಲ್ಲಿ ಅಗಲವಾದ ಬಾಲ್ಕನಿ, ಅದರ ಕೆಳಗೆ ಕಾರು ನಿಲ್ಲಿಸುವ ಜಾಗ. ತಮ್ಮ ಮೊದಲು ಕೊಟ್ಟ ನಕ್ಷೆಯಲ್ಲಿ ಬಾಲ್ಕನಿಯ ಮುಂತುದಿ ಎರಡು ಕಂಬಗಳ ಮೇಲೆ ಕೂತಿತ್ತು. ಗೋಡೆ ಎದ್ದ ಮೇಲೆ ಆಮೇಲಪ್ಪನಿಗೆ, ಕಾರು ತಿರುಗಿಸಲು ಆ ಕಂಬಗಳು ಅಡ್ಡ ಬರುತ್ತವೆಂದು ಹೊಳೆಯಿತು. ಕಂಬ ಬೇಡ ಅಂದ. ತಮ್ಮ ಪಟ್ಟಾಗಿ ಕೂತು ಬಾಲ್ಕನಿಯ ಲೆಕ್ಕವನ್ನೆಲ್ಲ ಹೊಸದಾಗಿ ಮಾಡಿ ಹೊಸ ಹಾಳೆ ಬಿಡಿಸಿದ. ನಾನು ಹೊಸ ಫೀಸು ಕೇಳಿದೆ.

"ಕಂಬ ಅಳಿಸಿದ್ದಕ್ಕೂ ಫೀಸಾ?" ಎಂದು ಗಿರಾಕಿಗಳ ಮುಂದೆಯೇ ನಕ್ಕ. "ಎರಡು ಕಂಬ ಕಮ್ಮಿ ಆದ್ರೆ ಫೀಸೂ ಕಮ್ಮಿ ಆಗ್ಬೇಕಲ್ವೇನಮ್ಮಾ? ಒಂದು ರಬ್ಬರ್ ಸಾಕು ಅದಕ್ಕೆ. ಮೂಗಿಗಿಂತ ಮೂಗುತಿ ಭಾರ ಮಾಡ್ಬೇಡಿ."

ನನ್ನ ಪಿತ್ತ ನೆತ್ತಿಗೇರಿತು. ಹಾಳೆ ಬೀರು ಸೇರಿತು. ಆ ಸೈಟಿನ ಕಡೆ ತಲೆ ಹಾಕಬೇಡ ಎಂದು ತಮ್ಮನಿಗೂ ಕಟ್ಟಪ್ಪಣೆ ಮಾಡಿದೆ.

"ಅಕ್ಕಾ, ಆ ಹಾಳೆ ಅವರಿಗೆ ಬೇಕೇ ಬೇಕು ಕಣೆ," ಅಂದ.

"ಬೇಕಿದ್ರೆ ಬರ್ತಾನೆ. ನೀನು ಸುಮ್ನಿರು."

ಅವನು ಸುಮ್ಮನಿದ್ದ. ಆಮೇಲಪ್ಪ ಬರಲಿಲ್ಲ. ಕೊನೆಗೆ ನಾನೇ ದಿನಾ ಅವನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ, ಗಿರಾಕಿಗಳಿಗೆಂದು ಹಾಕಿದ ಕುರ್ಚಿಯಲ್ಲಿ ಕೂತುಬಿಡತೊಡಗಿದೆ. ಬಂದವರಿಗೆಲ್ಲ, "ಬಟ್ಟೆ ಚೆನ್ನಾಗಿದೆ, ತಗೊಳ್ಳಿ. ಚಿಲ್ಲರೆ ಮಾತ್ರ ಎಣಿಸ್ಕೊಂಡು ಹೋಗಿ, ಇಲ್ಲಾಂದ್ರೆ ಆಮೇಲೆ ಬಾ ಅಂತಾರೆ," ಅನ್ನುತ್ತಿದ್ದೆ. ಅಂಗಡಿಯ ಕೆಲಸದವರು ಥಾನುಗಳ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. ಕೊನೆಗೆ ಆಮೇಲಪ್ಪ ಬಗ್ಗಿದ. ಅರ್ಧಕ್ಕೆ ಮುಗಿಸೋಣ ಅಂದ.

ನಮ್ಮ ವಕೀಲರನ್ನು ಕೇಳಿದೆ. "ಅರ್ಧ ಬಿಡೋದಾದ್ರೆ ಸುಮ್ಸುಮ್ನೆ ಬಿಡಬೇಡಿ," ಅಂದರು. "ಫೀಸಿಗೆ ಜಗಳ ತೆಗೆದೋನು ನಾಳೆ ಗೋಡೆ ಬಿರುಕು ಬಿಟ್ರೂ ನಿಮ್ಮ ಬಾಗಿಲಿಗೇ ಬರ್ತಾನೆ. ಬಿಡುಗಡೆ ಪತ್ರ ಬರೆಸ್ಕೊಂಡು ಕೈ ತೊಳ್ಕೊಳ್ಳಿ." ಅವರೇ ಬರೆಸಿದರು. ಈ ಕೆಲಸದಲ್ಲಿ ಇದುವರೆಗೆ ಆಗಿರಬಹುದಾದ ಅಥವಾ ಮುಂದೆ ಕಂಡುಬರಬಹುದಾದ ಯಾವ ಲೋಪಕ್ಕೂ ಮನೆಯ ಯಜಮಾನರು ಇಂಜಿನಿಯರನ್ನು ಹೊಣೆ ಮಾಡತಕ್ಕದ್ದಲ್ಲ, ಇಂಜಿನಿಯರು ಮಿಕ್ಕ ಫೀಸನ್ನು ಕೇಳತಕ್ಕದ್ದಲ್ಲ. ಆಮೇಲಪ್ಪ ಅದನ್ನು ಓದಿ, ತನ್ನ ಕೈಯಿಂದಲೇ ಕೊನೆಗೆ ಒಂದು ಸಾಲು ಸೇರಿಸಿದ: ಇನ್ನು ಮುಂದೆ ಇಂಜಿನಿಯರಾಗಲಿ ಅವರ ಅಕ್ಕನಾಗಲಿ ನನ್ನ ಅಂಗಡಿಗೆ ಅಥವಾ ಮನೆಗೆ ಬರತಕ್ಕದ್ದಲ್ಲ. ಎರಡು ಪ್ರತಿಗೂ ಸಹಿ ಬಿತ್ತು, ಒಂದು ಅವನಿಗೆ, ಒಂದು ನನಗೆ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ನಾನು ಚೀಲದಿಂದ ಬಾಲ್ಕನಿಯ ಹಾಳೆ ತೆಗೆದು ಅವನ ಗಲ್ಲಾದ ಮೇಲಿಟ್ಟೆ. ಅವನು ಬಿಚ್ಚಿಯೂ ನೋಡದೆ ಹಿಂದಕ್ಕೆ ತಳ್ಳಿದ.

"ನೀವೇ ಇಟ್ಕೊಳ್ಳಿ ಇದನ್ನ. ಬಾಲ್ಕನಿಗೆ ಕಾಂಕ್ರೀಟ್ ಹಾಕ್ಸಿ ಎಷ್ಟೋ ದಿನ ಆಯ್ತು. ಹಳೇ ಹಾಳೇಲಿ ನಾನೇ ಎರಡು ಕಂಬ ಹೊಡೆದು ಹಾಕಿ ಮೇಸ್ತ್ರಿ ಕೈಗೆ ಕೊಟ್ಟೆ. ಇವತ್ತು ಮಧ್ಯಾಹ್ನ ಸೆಂಟ್ರಿಂಗ್ ಬಿಚ್ಚಿಸಿದ್ರೆ ನಾಳೆ ಕಾರು ಒಳಗೆ."

ಹಸಿ ಕಾಂಕ್ರೀಟು ಗಟ್ಟಿಯಾಗುವವರೆಗೆ ಕೆಳಗಿನಿಂದ ಹಲಗೆ, ಮರದ ಗಳು ಕೊಟ್ಟು ಎತ್ತಿ ಹಿಡಿದಿರುವುದೇ ಸೆಂಟ್ರಿಂಗ್. ಅಷ್ಟು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಹಾಳೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಬೇಡದ ಹಾಳೆಗೆ ಅರ್ಧ ಫೀಸು ಕಕ್ಕಿದನಲ್ಲ ಎಂದು ದಾರಿಯುದ್ದಕ್ಕೂ ಒಳಗೊಳಗೇ ನಗುತ್ತ ಬಂದೆ. ಮೆಟ್ಟಿಲು ಹತ್ತುತ್ತಲೇ ತಮ್ಮನಿಗೆ ಕೂಗಿ ಹೇಳಿದೆ.

ಅವನು ನಗಲಿಲ್ಲ. ಕೈಯಲ್ಲಿದ್ದ ಚಹಾದ ಲೋಟವನ್ನು ನಕ್ಷೆಯ ಮೇಲೇ ಇಟ್ಟ. ನಕ್ಷೆಯ ಮೇಲೆ ಏನನ್ನೂ ಇಡಗೊಡದ ಮನುಷ್ಯ.

"ಹಳೇ ಹಾಳೆ ಪ್ರಕಾರ ಕಂಬಿ ಹಾಕಿದ್ರಾ? ಕಂಬ ಇಲ್ದೆ?"

"ಹಂಗಂತ ಅವನೇ ಹೇಳ್ದ. ಯಾಕೋ?"

ಮೇಸ್ತ್ರಿಗೆ ಫೋನು ಮಾಡಿದ. ಮೇಸ್ತ್ರಿ ಬೇರೆ ಊರಿನ ಕೆಲಸದಲ್ಲಿದ್ದ. "ಕಂಬಿ ಎಲ್ಲಾ ಅಡಿಗೇ ಹಾಕಿದೀವಿ ಸಾರ್, ಹಳೇ ಹಾಳೇಲಿ ಇದ್ದ ಹಂಗೇ. ಕಂಬ ಇಲ್ವಲ್ಲ, ಸರಿಯಾ ಅಂತ ಕೇಳ್ದೆ. ಇಂಜಿನಿಯರು ಒಪ್ಪಿದಾರೆ ಹಾಕಯ್ಯ ಅಂದ್ರು ಯಜಮಾನ್ರು. ನನಗೂ ಕೂಲಿ ಉಳಿಸ್ಕೊಂಡಿದಾರೆ ಸಾರ್, ಮಾತೇ ಬಿಟ್ಟಿದೀನಿ. ಬಿಚ್ಚೋಕೆ ಬೇರೆ ಜನ ಕರ್ಸಿದಾರೆ."

ತಮ್ಮ ಫೋನು ಇಟ್ಟ.

"ಅಕ್ಕಾ, ಕೈ ಮುಂದಕ್ಕೆ ಚಾಚು," ಎಂದು ನನ್ನ ಅಂಗೈ ಮೇಲೆ ಎರಡು ದಪ್ಪ ಫೈಲು ಇಟ್ಟ. "ಎಲ್ಲಿ ಎಳೀತಿದೆ?"

"ಭುಜದ ಮೇಲೆ."

"ಅಲ್ಲೇ. ಮುಂದೆ ಕಂಬ ಇದ್ದಿದ್ರೆ ಎರಡೂ ಕಡೆ ಹಿಡಿದಿರ್ತಿತ್ತು, ಕಂಬಿ ಅಡಿಗೆ ಇದ್ರೆ ಸಾಕಾಗಿತ್ತು. ಕಂಬ ತೆಗೆದ್ರೆ ಅದು ಚಾಚಿದ ಕೈ. ಕಂಬಿ ಮೇಲ್ಗಡೆ ಇರ್ಬೇಕು, ಮನೆ ಒಳಗಿನವರೆಗೂ ಹೋಗಿ ಹಿಡ್ಕೊಂಡಿರ್ಬೇಕು. ಆ ಹಾಳೇಲಿ ನಾನು ಬರೆದಿದ್ದು ಅದೊಂದೇ. ಈಗ ಅಲ್ಲಿ ಮೇಲ್ಗಡೆ ಏನೂ ಇಲ್ಲ ಅಕ್ಕಾ. ಗಳು ತೆಗೆದ್ರೆ ಗೋಡೆ ಹತ್ರ ಮುರ್ಕೊಂಡು, ಬಿಚ್ಚುತ್ತಿರೋರ ಮೇಲೇ ಬೀಳುತ್ತೆ."

ಫೈಲುಗಳು ಕೈಯಿಂದ ಜಾರಿದವು.

ಆಮೇಲಪ್ಪನಿಗೆ ಫೋನು ಮಾಡಿದೆ. ನನ್ನ ನಂಬರನ್ನು ಅವನು ಎಂದೋ ಬ್ಲಾಕ್ ಮಾಡಿದ್ದ. ತಮ್ಮ ತನ್ನ ಫೋನಿಂದ ಮಾಡಿ "ಯಜಮಾನ್ರೇ, ಬಾಲ್ಕನಿ..." ಅನ್ನುವಷ್ಟರಲ್ಲಿ, "ಪತ್ರ ಓದ್ಕೊಳ್ಳಿ ಇಂಜಿನಿಯರೇ, ಎಲ್ಲಾ ಮುಗೀತು," ಎಂದು ಕುಕ್ಕಿಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ. ನಗರಸಭೆಗೆ ಮಾಡಿದರೆ, ಅರ್ಜಿ ಬರೆದು ತಂದು ಕೊಡಿ ಅಂದರು. ಅರ್ಜಿಯಂತೆ! ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಇಬ್ಬರೂ ಸೈಟಿಗೆ ಹೊರಟೆವು, ತಮ್ಮನ ಸ್ಕೂಟರಿನ ಹಿಂದೆ ಕೂತು ವಕೀಲರಿಗೆ ಫೋನು ಮಾಡಿದೆ. ಗಾಳಿಯಲ್ಲಿ ಅರಚಿ ಅರಚಿ ಎಲ್ಲವನ್ನೂ ಹೇಳಿದೆ.

"ಸಹಿ ಆಗಿದೆ ತಾನೆ? ಸಹಿ ಹಾಕುವಾಗ ನಿಮಗೆ ಇದು ಗೊತ್ತಿರಲಿಲ್ಲ ತಾನೆ? ಹಾಗಾದ್ರೆ ನಿಮಗೇನೂ ಆಗಲ್ಲ," ಅಂದರು. "ಹೋಗಿ ಬಾಯಲ್ಲಿ ಎಚ್ಚರಿಕೆ ಹೇಳಿ, ಅದು ಧರ್ಮ. ಆದ್ರೆ ತಪ್ಪು ನಮ್ಮದು ಅಂತ ಒಂದಕ್ಷರ ಬರೆದು ಕೊಡಬೇಡಿ. ಬರೆದ್ರೆ ಆ ಪತ್ರಕ್ಕೆ ನೀವೇ ಬೆಂಕಿ ಇಟ್ಟ ಹಾಗೆ. ಆಫೀಸೂ ಹೋಗುತ್ತೆ, ತಮ್ಮನ ಲೈಸೆನ್ಸೂ ಹೋಗುತ್ತೆ."

ಆಮೇಲಪ್ಪನ ಹೊಸ ಮನೆಯ ಗೇಟಿನ ಹತ್ತಿರ ಬರುವಾಗಲೇ ಸುತ್ತಿಗೆಯ ಸದ್ದು ಕೇಳಿಸಿತು. ಇಬ್ಬರು ಕೆಲಸದವರು ಬಾಲ್ಕನಿಯ ಕೆಳಗೆ ನಿಂತು ಗಳುಗಳ ಬುಡದ ಬೆಣೆ ಹೊಡೆಯುತ್ತಿದ್ದರು. ಒಂದು ಬದಿಯ ಗಳುಗಳೆಲ್ಲ ಆಗಲೇ ಮರಳಿನ ಮೇಲೆ ಮಲಗಿದ್ದವು. ಮೇಲೆ ಆಮೇಲಪ್ಪನ ಹೆಂಡತಿ ಸೊಂಟದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು, ಬಾಲ್ಕನಿಯ ತುದಿಯಲ್ಲಿ ಹೂವಿನ ಕುಂಡಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಮಗು ಒಂದು ಎಲೆ ಕಿತ್ತು ಕೆಳಗೆ ಹಾಕಿತು.

ಜೀವಮಾನದಲ್ಲಿ ದನಿ ಎತ್ತದ ನನ್ನ ತಮ್ಮ, "ನಿಲ್ಸ್ರೋ! ನಿಲ್ಸ್ರೋ!" ಎಂದು ಕೂಗುತ್ತ ಸ್ಕೂಟರನ್ನು ಬೀಳಗೊಟ್ಟು ಓಡಿದ. ಬಾಲ್ಕನಿಯ ಕೆಳಗೆ ನುಗ್ಗಿ, ಅವರು ಹೊಡೆಯುತ್ತಿದ್ದ ಗಳುವನ್ನು ಎರಡೂ ಕೈಯಿಂದ ತಬ್ಬಿಕೊಂಡ.

"ಏಯ್, ಈಚೆ ಬಾರೋ! ಬಾರೋ ಈಚೆ!" ಎಂದು ನಾನು ಚೀರಿದೆ.

"ನಾನು ಬಿಟ್ರೆ ಇವರು ಹೊಡೀತಾರೆ ಅಕ್ಕಾ. ಅವರಿಗೆ ಹೇಳು. ಬೇಗ ಹೇಳು."

ಆಮೇಲಪ್ಪ ಒಳಗಿನಿಂದ ಬಂದ. ನಮ್ಮನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಸಹಿ ಮಸಿ ಆರಿಲ್ಲ, ಆಗ್ಲೇ ಬಂದ್ರಾ? ಬರ್ಕೂಡದು ಅಂತ ಬರೆದಿದೀನಲ್ಲ."

"ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಗಳು ತೆಗೆಸಬೇಡಿ. ಬಾಲ್ಕನಿ ಬೀಳುತ್ತೆ. ಕಂಬಿ ಮೇಲ್ಗಡೆ ಇರ್ಬೇಕಿತ್ತು, ಅಡಿಗೆ ಹಾಕಿದಾರೆ. ಅಮ್ಮಾವ್ರನ್ನ ಮೊದಲು ಒಳಗೆ ಕರೀರಿ."

ಅವನು ನಗತೊಡಗಿದ. "ಹೊಸ ಆಟನಾ? ಮೊದಲು ಹಾಳೆ ಬಚ್ಚಿಟ್ಟು ಆಟ ಆಡಿದ್ರಿ. ಈಗ ಕಂಬ ಹಾಕಿ ಅಂತೀರಿ, ಅದಕ್ಕೊಂದು ಹಾಳೆ, ಅದಕ್ಕೊಂದು ಫೀಸು. ಅರ್ಧ ಬಿಟ್ಟಿದ್ದು ಹೊಟ್ಟೆ ಉರೀತಿದೆ ಅಲ್ವಾ?"

"ಒಂದು ಕಾಸೂ ಬೇಡ ಸ್ವಾಮಿ. ಬೆಳಿಗ್ಗೆ ಕೊಟ್ಟಿದ್ದನ್ನೂ ವಾಪಸ್ ಕೊಡ್ತೀನಿ."

"ನೀವು ಬಿಟ್ಟಿ ಅಂದ್ರೆ ನನಗಿನ್ನೂ ಭಯ," ಎಂದು ಕೆಲಸದವರತ್ತ ತಿರುಗಿದ. "ಹೊಡೀರಯ್ಯ ನೀವು. ಆ ಮನುಷ್ಯನ್ನ ಎಳೆದು ಈಚೆ ಹಾಕಿ."

ನಾನು ನಿಜಕ್ಕೂ ಅವನ ಕಾಲಿಗೆ ಬಿದ್ದೆ. ಯಾರ ಮುಂದೆಯೂ ಬಗ್ಗದ ನನ್ನ ತಲೆ ಅವನ ಚಪ್ಪಲಿಗೆ ತಾಕಿತು. ಅವನು ಕಾಲು ಹಿಂದೆಳೆದುಕೊಂಡ. "ನಾಟಕ! ಅಂಗಡೀಲಿ ಕೂತು ಆಡಿದ್ದು ಸಾಲ್ದು ಅಂತ ಇಲ್ಲೂ ಶುರು." ಕೆಲಸದವನೊಬ್ಬ ತಮ್ಮನ ತೋಳು ಹಿಡಿದು ಎಳೆಯತೊಡಗಿದ. ತಮ್ಮ ಬಿಡಲಿಲ್ಲ. ಇನ್ನೊಬ್ಬ ಪಕ್ಕದ ಗಳುವಿನ ಬೆಣೆಗೆ ಸುತ್ತಿಗೆ ಬೀಸಿದ. ಮೇಲಿನಿಂದ ಒಂದಿಷ್ಟು ಪುಡಿ ಉದುರಿತು.

ಅಯ್ಯೋ, ಇವನನ್ನು ನಂಬಿಸುವುದು ಹೇಗೆ? ಅತ್ತರೆ ನಾಟಕ. ಬಿಟ್ಟಿ ಅಂದರೆ ಮೋಸ. ಅವನ ತಪ್ಪೇನು? ಹಾಳೆಯನ್ನು ಒತ್ತೆ ಇಟ್ಟುಕೊಂಡವಳ ಮಾತನ್ನು ಯಾರು ತಾನೆ ನಂಬುತ್ತಾರೆ? ನನ್ನ ಕೈಯಲ್ಲಿ ಉಳಿದಿದ್ದು ಒಂದೇ. ಚೀಲದಿಂದ ಬಿಡುಗಡೆ ಪತ್ರ ಎಳೆದೆ, ಅದರ ಜೊತೆಗೆ ಬಾಲ್ಕನಿಯ ಹಾಳೆಯೂ ಈಚೆ ಬಂದು ನೆಲಕ್ಕೆ ಬಿತ್ತು. ಪತ್ರವನ್ನು ಪರಪರನೆ ಹರಿಯಲು ಹೋದೆ.

"ಹರಿದ್ರೆ ಏನಾಯ್ತು, ನನ್ನ ಹತ್ರ ಇನ್ನೊಂದಿದೆ," ಅಂದ ಆಮೇಲಪ್ಪ.

ಹೌದಲ್ಲ. ಹರಿದರೆ ಏನೂ ಆಗುವುದಿಲ್ಲ. ಹರಿಯುವುದನ್ನು ಬಿಟ್ಟು ಪತ್ರವನ್ನು ನೆಲದ ಮೇಲೆ ಬೋರಲು ಹಾಕಿ ಪೆನ್ನು ತೆಗೆದೆ. ವಕೀಲರ ಮಾತು ಕಿವಿಯಲ್ಲೇ ಇತ್ತು. ತಮ್ಮ ಹಾಸ್ಟೆಲಿನಲ್ಲಿ ಅರೆಹೊಟ್ಟೆ ಉಂಡು ಓದಿದ್ದು, ಆ ಲೈಸೆನ್ಸು ಬಂದ ದಿನ ಅಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡದ್ದು ಎಲ್ಲ ನೆನಪಾಯಿತು. ಬರೆದೆ: "ಬಾಲ್ಕನಿಯ ಹಾಳೆಯನ್ನು ಫೀಸಿಗಾಗಿ ಕೊಡದೆ ಇಟ್ಟುಕೊಂಡವರು ನಾವು. ಅದಿಲ್ಲದೆ ಕಟ್ಟಿದ್ದರಿಂದ ಬಾಲ್ಕನಿ ಬೀಳುತ್ತದೆ. ತಪ್ಪು ನಮ್ಮದು. ಈ ಬಿಡುಗಡೆ ಪತ್ರ ನಮಗೆ ಬೇಡ, ಇದನ್ನು ರದ್ದು ಮಾಡಿದ್ದೇವೆ. ಯಜಮಾನರು ನಮ್ಮ ಮೇಲೆ ಎಷ್ಟು ಬೇಕಾದರೂ ಪರಿಹಾರ ಕೇಳಬಹುದು."

ಸಹಿ ಮಾಡಿ, ಬಾಲ್ಕನಿಯ ಕೆಳಗೆ ಹೋದೆ. ತಮ್ಮ ಓದಿದ. ನನ್ನ ಮುಖ ನೋಡಿದ. ಒಂದು ಕೈಯಿಂದ ಗಳು ಹಿಡಿದೇ, ಅದಕ್ಕೇ ಕಾಗದ ಒತ್ತಿಕೊಂಡು ತಾನೂ ಸಹಿ ಮಾಡಿದ.

ಆಮೇಲಪ್ಪ ಕನ್ನಡಕ ಹಾಕಿಕೊಂಡು ಓದಿದ. ಮತ್ತೊಮ್ಮೆ ಓದಿದ. ಅವನು ಹುಟ್ಟಾ ವ್ಯಾಪಾರಿ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡು ಯಾರೂ ಸುಳ್ಳು ಬರೆದುಕೊಡುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು.

"ಸುತ್ತಿಗೆ ಕೆಳಗಿಡ್ರೋ!" ಎಂದು ಕಿರುಚಿದ. ತಲೆಯೆತ್ತಿ, "ಲೇ, ಮಗು ಕರ್ಕೊಂಡು ಒಳಗೆ ಹೋಗೇ!"

"ಇವಳು ಬಂದು ಹೇಳಿದ್ಲು ಅಂತ ನಾನ್ಯಾಕೆ ಹೋಗ್ಲಿ?" ಅಂದಳು ಹೆಂಡತಿ ಮೇಲಿನಿಂದ. "ನೀವೂ ಅವರ ಜೊತೆ ಸೇರ್ಕೊಂಡ್ರಾ? ಇನ್ನೊಂದು ಕುಂಡ ಇದೆ, ಇಟ್ಟು ಬರ್ತೀನಿ ಇರಿ."

"ಬರೆದು ಕೊಟ್ಟಿದಾರೆ ಕಣೇ! ತಪ್ಪು ನಮ್ಮದು ಅಂತ ಸಹಿ ಹಾಕಿ ಕೊಟ್ಟಿದಾರೆ!" ಆಮೇಲಪ್ಪನ ದನಿ ಒಡೆದುಹೋಯಿತು. "ನಿನ್ನ ದಮ್ಮಯ್ಯ, ಒಳಗೆ ಹೋಗೇ!"

ಗಂಡ ಹಾಗೆ ಅಂಗಲಾಚಿದ್ದನ್ನು ಅವಳು ಎಂದೂ ಕೇಳಿರಲಿಲ್ಲವೋ ಏನೋ, ಕುಂಡ ಅಲ್ಲೇ ಬಿಟ್ಟು ಮಗುವನ್ನು ಎದೆಗೆ ಅವಚಿಕೊಂಡು ಒಳಗೆ ನಡೆದಳು. ಅವಳು ಹೊಸ್ತಿಲು ದಾಟಿದ ಮೇಲೆ, ಆಗಲೇ ಬೆಣೆ ಸಡಿಲವಾಗಿದ್ದ ಗಳು ಜಾರಿ ಬಿತ್ತು. ಗೋಡೆಯ ಹತ್ತಿರ ಲಟ್ಟನೆ ಸದ್ದಾಯಿತು. ತಮ್ಮನ ತಲೆಯ ಮೇಲೆ ಸಿಮೆಂಟಿನ ಚೂರು ಸುರಿಯಿತು. ಕೆಲಸದವರು ಹೊರಗೆ ಓಡಿದರು. ತಮ್ಮ ಓಡಲಿಲ್ಲ. "ಗಳು ತನ್ನಿ, ಗಳು!" ಎಂದು ಕೂಗುತ್ತಿದ್ದ. ಮೊದಲು ಗಳು ಹೊತ್ತು ಕೆಳಗೆ ನುಗ್ಗಿದವನು ಆಮೇಲಪ್ಪ. ಅವನ ಹಿಂದೆ ನಾನು. ಆಮೇಲೆ ಕೆಲಸದವರೂ ಬಂದರು. ಬಿದ್ದಿದ್ದನ್ನೆಲ್ಲ ಎತ್ತಿ ನಿಲ್ಲಿಸಿ, ಬೆಣೆ ಬಿಗಿದು, ಸಿಕ್ಕ ಹಲಗೆಯನ್ನೆಲ್ಲ ಆನಿಸಿ ಈಚೆ ಬರುವಷ್ಟರಲ್ಲಿ ನನ್ನ ಅಂಗೈ ಕಿತ್ತು ರಕ್ತ ಬರುತ್ತಿತ್ತು. ಮೇಲೆ, ಗೋಡೆಗೂ ಬಾಲ್ಕನಿಗೂ ನಡುವೆ ಈ ತುದಿಯಿಂದ ಆ ತುದಿಯವರೆಗೆ ಬಾಯಿಬಿಟ್ಟ ಬಿರುಕು ಕೆಳಗಿನಿಂದಲೇ ಕಾಣುತ್ತಿತ್ತು.

ಫೋನು ಹೊಡೆದುಕೊಂಡಿತು. ವಕೀಲರು.

"ಏನೂ ಬರೆದು ಕೊಟ್ಟಿಲ್ಲ ತಾನೆ?"

"ಕೊಟ್ಟೆ."

"ಆಗಲಿ. ಗಾಬರೀಲಿ, ಬೇರೆಯವರ ಒತ್ತಾಯಕ್ಕೆ ಬರೆದಿದ್ದು ಅಂತ ಹೇಳಿಬಿಡೋಣ. ಆ ಬರಹ ಕೋರ್ಟಲ್ಲಿ ನಿಲ್ಲಲ್ಲ."

"ಯಾರೂ ಒತ್ತಾಯ ಮಾಡ್ಲಿಲ್ಲ ಸಾರ್. ನಾನೇ ಬರೆದೆ," ಎಂದು ಫೋನು ಇಟ್ಟೆ.

ಆಮೇಲಪ್ಪ ಕಾಗದವನ್ನು ನಾಲ್ಕಾಗಿ ಮಡಿಸಿ ಒಳಜೇಬಿಗೆ ಹಾಕಿಕೊಂಡ. "ಬಿಡಲ್ಲ ನಾನು, ಕೇಸು ಹಾಕೇ ಹಾಕ್ತೀನಿ," ಅಂದ. "ಹಾಕಿ ಯಜಮಾನ್ರೇ," ಎಂದೆ. ತಮ್ಮನೂ ತಲೆಯಾಡಿಸಿದ. ಅವನ ಕೂದಲೆಲ್ಲ ಸಿಮೆಂಟು ಹತ್ತಿ ಮುದುಕನ ಹಾಗೆ ಕಾಣುತ್ತಿದ್ದ. ಇನ್ನು ಅವನು ಯಾವ ನಕ್ಷೆಗೂ ಸಹಿ ಹಾಕಲಾರ ಎಂಬುದು ನಮ್ಮಿಬ್ಬರಿಗೂ ತಿಳಿದಿತ್ತು.

ಅಷ್ಟರಲ್ಲಿ ಆಮೇಲಪ್ಪನ ಹೆಂಡತಿ ಕೆಳಗಿಳಿದು ಬಂದಳು. ಸೊಂಟದ ಮೇಲಿನ ಮಗು ನನ್ನ ರಕ್ತದ ಕೈಯನ್ನೇ ನೋಡುತ್ತಿತ್ತು. ನನ್ನನ್ನು ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರವಿರುತ್ತಿತ್ತು. ಅವಳು ನೆಲದ ಮೇಲೆ ಬಿದ್ದಿದ್ದ ಬಾಲ್ಕನಿಯ ಹಾಳೆಯನ್ನು ಎತ್ತಿ, ಧೂಳು ಕೊಡವಿ, ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು.

"ಇದೊಂದು ಹಾಳೆ ಅವತ್ತೇ ಕೊಟ್ಟಿದ್ರೆ ನಿಮ್ಮದೇನಮ್ಮ ಹೋಗ್ತಿತ್ತು?"

ಫೀಸು ಹೋಗುತ್ತಿತ್ತು. ಉತ್ತರ ಅಷ್ಟೇ, ತುಟಿಯ ತುದಿಯಲ್ಲೇ ಇತ್ತು. ಆ ಮಗುವಿನ ಮುಂದೆ ನಿಂತು ಆ ಮಾತನ್ನು ಆಡಲು ನನ್ನಿಂದ ಆಗಲಿಲ್ಲ.